ಕುರ್ತಕೋಟಿ ಹೊಲದ ಇಲಿಗಳು, ಅಕ್ಕನ ಮದುವೆ

ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಮುಂಡರಗಿ ಬಸ್ ನಿಲ್ದಾಣದಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದರು. ಆ ವಾಸನೆಗೆ ನಮ್ಮ ಪ್ರಾಣಿಶಾಸ್ತ್ರದ ಮೇಡಂ ನೆನಪಾದರು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಕ್ಕ ಪದವಿಯ ಕೊನೆಯ ವರ್ಷದಲ್ಲಿದ್ದಳು, ನಾನು ಮೊದಲನೆಯದರಲ್ಲಿ. ಮೇಡಂ ಬೋನುಗಳಲ್ಲಿ ಹುರಿದ ಶೇಂಗಾ ಇಟ್ಟು ಕುರ್ತಕೋಟಿಯ ಎರೆಹೊಲಗಳಲ್ಲಿ ಇಲಿ ಹಿಡಿಯುತ್ತಿದ್ದರು. ಯಾವ ಮರಿ ಯಾರದೆಂದು ಪರೀಕ್ಷಿಸಲು ಕಿವಿಯಂಚಿನಿಂದ ಒಂದು ಚೂರು ತೆಗೆದುಕೊಂಡು ಹಿಡಿದಲ್ಲೇ ಬಿಡುತ್ತಿದ್ದರು. ಬೋನು ಹೊರುವವಳು ಅಕ್ಕ.

ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಬಹುದು ಎಂದು ಅವರು ಹೇಳಿದಾಗ ತರಗತಿಯೆಲ್ಲ ಮುಸಿಮುಸಿ ನಕ್ಕಿತು. ಅವರು ನಗಲಿಲ್ಲ. ಹೆಣ್ಣಿಲಿ ಬದುವಿನಾಚೆಯ ಗಂಡನ್ನೂ ಕೂಡಿದರೆ ಮರಿಗಳಲ್ಲಿ ವೈವಿಧ್ಯ ಉಳಿಯುತ್ತದೆ, ದಾರಿ ಮುಚ್ಚಿ ಬಳಗದೊಳಗೇ ಕೂಡುತ್ತ ಹೋದರೆ ಸಂತತಿ ಸೊರಗುತ್ತದೆ ಎಂದರು... ಅಥವಾ ಹಾಗೆಂದು ನಾನು ಕೇಳಿಸಿಕೊಂಡೆ. ಏಕೆಂದರೆ ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ನಮ್ಮ ಸೋದರಮಾವನಿಗೆಂದು ಗೊತ್ತುಮಾಡಿದ್ದರು.

ಮದುವೆಯ ಸುದ್ದಿ ತಿಳಿದು ಮೇಡಂ ಮನೆಗೇ ಬಂದರು. ಅವ್ವ ಚಹಾ ಕೊಟ್ಟು ನಕ್ಕಳು. "ಇಲಿಗೆ ಗಂಡ ನೋಡೂದು ಮುಗೀತೇನ್ರಿ ಬಾಯಾರ, ನಮ್ಮ ಮನಿಗೆ ಬಂದೀರಿ? ನನ್ನ ತಮ್ಮ ಏನ್ ಹೊರಗಿನಾಂವ ಅಲ್ಲಲ್ರಿ."

"ಹೊರಗಿನವರಲ್ಲ ಅನ್ನೂದ ನನ್ನ ಚಿಂತಿರಿ," ಎಂದರು ಮೇಡಂ.

ಅವ್ವನ ನಗು ನಿಂತಿತು. ಮೇಡಂ ಅಕ್ಕನತ್ತ ತಿರುಗಿ, "ನಿನಗೇನ್ ಬೇಕವಾ?" ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಅಷ್ಟರಲ್ಲಿ ಅವ್ವ ನನ್ನನ್ನು ಹಿತ್ತಲಿಗೆ ಕಳಿಸಿದಳು. ನಾನು ಒಳಗೆ ಬರುವಾಗ ಮೇಡಂ ಚಪ್ಪಲಿ ಮೆಟ್ಟುತ್ತಿದ್ದರು.

ಮದುವೆ ಆಯಿತು. ಅಕ್ಕನ ಮೊದಲ ಕೂಸು ಉಳಿಯಲಿಲ್ಲ. ಎರಡನೆಯವಳು ಗಟ್ಟಿಮುಟ್ಟಾಗಿದ್ದಾಳೆ. ಇಲಿಗಳನ್ನು ನೋಡಿ ಒಂದು ಮನೆಯ ಹಣೆಬರಹ ಹೇಳಬಾರದು ಎಂದು ಕಲಿಸಿದವರೂ ಮೇಡಂ ಅವರೇ. ಆದರೂ ಮನಸ್ಸು ಒಪ್ಪುವುದಿಲ್ಲ...

ಹಳೆಯ ಗೆಳತಿಯೊಬ್ಬಳನ್ನು ವಿಚಾರಿಸಿದೆ. ಮೇಡಂ ತೀರಿಕೊಂಡು ವರ್ಷಗಳೇ ಆದವಂತೆ. ಯಾರೂ ನಮಗೆ ತಿಳಿಸಿರಲಿಲ್ಲ. ಅಂದು ಅಕ್ಕ ಒಲ್ಲೆ ಅಂದಿದ್ದರೆ, ಅದನ್ನು ಕೇಳಿಸಿಕೊಂಡವರು ಅವ್ವ ಮತ್ತು ಮೇಡಂ ಇಬ್ಬರೇ. ಇಬ್ಬರೂ ಈಗಿಲ್ಲ.

ಅಕ್ಕನಿಗೆ ಫೋನು ಮಾಡಿ ಸುದ್ದಿ ಹೇಳಿದೆ. ಕೊನೆಗೆ ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತ ಮೇಡಂ ಕೇಳಿದಾಗ ನೀ ಏನಂದಿ?"

ಅಕ್ಕ ಇನ್ನೂ ಹೇಳಿಲ್ಲ.