ಹಿಮ್ಮಡಿಯ ಚುಕ್ಕಿ

ಇವತ್ತು ಸಿಂಧನೂರಿನ ಬಜಾರಿನಲ್ಲಿ ಅರೆದ ಮೆಹಂದಿಯ ವಾಸನೆ ಬಂತು. ನಾನು ಓದಿದ ಲಿಂಗಸುಗೂರಿನ ವಸತಿ ಶಾಲೆ ನೆನಪಾಯಿತು.

ಅಲ್ಲಿ ಕೆಲವು ದೊಡ್ಡ ಹುಡುಗಿಯರ ಹಿಮ್ಮಡಿಯಲ್ಲಿ ಒಂದು ಮೆಹಂದಿ ಚುಕ್ಕಿ ಇರುತ್ತಿತ್ತು. ಏನೆಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಗೆಳತಿ ಶರಣಮ್ಮನನ್ನು ಕರೆದೊಯ್ಯಲು ಗುರುಗುಂಟಾದಿಂದ ಅವಳ ಕಾಕಾ ಬಂದರು.

"ಅವರಜ್ಜಿಗೆ ಆರಾಮಿಲ್ರೀ, ಲಗೂ ಕಳಸ್ರೀ," ಎಂದು ವಾರ್ಡನ್‌ಗೆ ಹೇಳಿದರು.

ಶರಣಮ್ಮ ನನ್ನ ಕೈ ಬಿಗಿಯಾಗಿ ಹಿಡಿದಳು. "ಸುಳ್ಳು. ನನ್ನ ಮದುವಿ ಮಾಡಾಕತ್ತಾರ."

ಆ ದೊಡ್ಡ ಹುಡುಗಿಯರಲ್ಲಿ ಒಬ್ಬಳಾದ ಹಟ್ಟಿ ಊರಿನ ಶಾಹೀನಕ್ಕ ಅದನ್ನು ಕೇಳಿಸಿಕೊಂಡು ಅವಳನ್ನು ಒಳಗೆ ಕರೆದೊಯ್ದಳು. ಚುಕ್ಕಿಯ ಹುಡುಗಿಯರೆಲ್ಲ ಸೇರಿ ಅವಳ ಮುಖ, ಕೈ ತುಂಬ ಮೆಹಂದಿಯ ಬೊಟ್ಟು ಇಟ್ಟರು. ಅದು ಕೆಂಪಾಗುವವರೆಗೆ ಕಾಕಾಗೆ ಚಹಾ ಕೊಟ್ಟು ಕೂರಿಸಿದರು.

"ಮೈತುಂಬ ಅಮ್ಮನ ಗುಳ್ಳಿ ಎದ್ದಾವ್ರೀ ಕಾಕಾ. ಕರಕೊಂಡು ಹೋಗ್ತೀರೇನು?" ಎಂದಳು ಶಾಹೀನಕ್ಕ.

ಕಾಕಾ ದೂರದಿಂದಲೇ ನೋಡಿ, ಸಿಡುಬಿನ ದೇವಿಗೆ ಕೈಮುಗಿದು ಹೊರಟುಹೋದರು.

ಆ ಸಂಜೆ ಶಾಹೀನಕ್ಕ ನನ್ನ ಹಿಮ್ಮಡಿಗೂ ಚುಕ್ಕಿ ಇಟ್ಟಳು. "ಯಾರನ್ನರ ಹಿಂಗ ಒಯ್ಯಾಕ ಬಂದ್ರ ನೀ ಓಡಿ ಬಂದು ನಮಗ ಹೇಳಬೇಕು," ಎಂದಳು.

ಆದರೆ ಬೇಸಿಗೆ ರಜೆಗೆ ಶರಣಮ್ಮ ಊರಿಗೆ ಹೋಗಲೇಬೇಕಾಯಿತು. ಶಾಲೆ ಮತ್ತೆ ತೆರೆದಾಗ ಅವಳ ಮಂಚಕ್ಕೆ ಬೇರೆ ಹುಡುಗಿ ಬಂದಳು. ಶಾಹೀನಕ್ಕ ಬಾಗಿಲಲ್ಲಿ ನಿಂತು ಆ ಮಂಚವನ್ನು ನೋಡಿ ಹೋದಳು.

ಈಗ ನಾನೇ ಟೀಚರ್. ನನ್ನ ತರಗತಿಯ ಸಾಲಗುಂದದ ಹುಡುಗಿಯೊಬ್ಬಳು ಸೋಮವಾರದಿಂದ ಬಂದಿಲ್ಲ, ಅವರ ಮನೆಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಬಜಾರಿನಿಂದ ಸೀದಾ ಬಂದು ಸಾಲಗುಂದದ ಬಸ್ಸು ಹತ್ತಿದ್ದೇನೆ. ಬಸ್ಸು ಇನ್ನೂ ಹೊರಟಿಲ್ಲ.