ಕಣ್ಣು ಬರೆದ ಗಡಿಗೆಗಳು

ದೋಣಿಯ ವಿಷಯದಲ್ಲಿ ನನಗೆ ಗುರು ಅಂತ ಯಾರೂ ಇಲ್ಲ. ಇರುವುದಾದರೂ ಹೇಗೆ? ನಾನು ಬೆಳೆದದ್ದು ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಬೇಸಗೆ ಬಂತೆಂದರೆ ಅಲ್ಲಿ ಒಂದು ಕೊಡ ನೀರಿಗೂ ಜಗಳ. ತಿಕೋಟಾದ ಕಡೆ ಹರಿಯುವ ಹೊಳೆಯ ಹೆಸರೇನೋ ಡೋಣಿ, ಆದರೆ ಅದರಲ್ಲಿ ದೋಣಿ ತೇಲಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ರಜೆ ಸಿಕ್ಕ ಕೂಡಲೇ ಬಸ್ಸು ಹತ್ತಿ ಬಬಲೇಶ್ವರದಲ್ಲಿ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಕೃಷ್ಣೆಯ ದಂಡೆಯ ಅಜ್ಜನ ಊರಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಮಾವನದೊಂದು ಸಣ್ಣ ದೋಣಿ ಇತ್ತು. ಆಚೆ ದಂಡೆಯಲ್ಲಿ ಅವನ ಹೊಲ.

ದೋಣಿ ನಡೆಸುವುದಕ್ಕೆ ತುಂಬಿದ ಹೊಳೆಯೇ ಕಷ್ಟ ಅಂದುಕೊಂಡಿದ್ದೆ. ಅಲ್ಲ, ಬತ್ತಿದ ಹೊಳೆಯೂ ಅಷ್ಟೇ ಕಷ್ಟ. ಎಲ್ಲ ಕಡೆ ಮೊಣಕಾಲುದ್ದ ನೀರು, ಕೆಳಗೆ ಉಸುಕು. ದೋಣಿ ಹಾಯುವಷ್ಟು ಆಳ ಇರುವುದು ಡೊಂಕಾಗಿ ಹೋಗುವ ಒಂದೇ ಒಂದು ಹಾದಿಯಲ್ಲಿ. ಅದರ ಗುರುತಿಗೆ ಊರವರು ಬಿದಿರಿನ ಗಳ ನೆಟ್ಟು, ತುದಿಗೆ ಸುಣ್ಣ ಬಳಿದ ಗಡಿಗೆಯನ್ನು ಬೋರಲು ಹಾಕುತ್ತಿದ್ದರು. ಒಂದು ಗಳ ಬಿದ್ದರೆ ಮತ್ತೆ ನೆಡಬೇಕಾದವರು ಯಾರು ಅನ್ನುವುದು ಮಾತ್ರ ಯಾವತ್ತೂ ತೀರ್ಮಾನವಾಗಿರಲಿಲ್ಲ.

ಹೊಳೆಯ ನಡುವಿನ ಉಸುಕಿನ ದಿಬ್ಬದಲ್ಲಿ ಊರವರೆಲ್ಲ ಮುತ್ಯಾ ಅನ್ನುತ್ತಿದ್ದ ಮುದುಕನೊಬ್ಬ ಕಲ್ಲಂಗಡಿ ಹಾಕುತ್ತಿದ್ದ. ಸುತ್ತ ಜಾಲಿಮುಳ್ಳಿನ ಬೇಲಿ, ಕಾವಲಿಗೆ ನಾಲ್ಕು ಗೂಟದ ಮೇಲೊಂದು ಅಟ್ಟ. ಆ ದಿನ ಬೆಳಿಗ್ಗೆ ನಾವು ಆಚೆ ದಂಡೆಗೆ ಹೋಗುವಾಗ ಒಂದು ಹಣ್ಣು ಒಡೆದು ಕೊಟ್ಟಿದ್ದ. "ನಾಳಿ ಮಗಾ ಗಾಡಿ ತರ್ತಾನ, ಉಳದದ್ದೆಲ್ಲಾ ಸಂತಿಗಿ" ಅಂದಿದ್ದ.

ಮಧ್ಯಾಹ್ನ ಮೇಲಿನ ಸೀಮೆಯಲ್ಲೂ ನಮ್ಮಲ್ಲೂ ದೊಡ್ಡ ಮಳೆಯಾಯಿತು. ನಾವು ಹೊಲದ ಗುಡಿಸಲಲ್ಲಿ ಕಾದು ಕೂತೆವು. ಮಳೆ ನಿಂತು ದಂಡೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಹೊಸ ನೀರು ಬಂದಿತ್ತು. ಕೆಂಪು ನೀರು, ಸದ್ದಿಲ್ಲದೆ ಏರುವ ನೀರು.

"ಇನ್ನೊಂದು ತಾಸು ತಡಾ ಆದ್ರ ದಾಟಾಕ ಆಗೂದಿಲ್ಲ. ನಡಿ" ಅಂದ ಮಾವ. ನನಗೆ ಈಜು ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಮುಂದೆ ಕಂದೀಲು ಎತ್ತಿ ಹಿಡಿದು ಕೂತೆ.

"ಕೆಳಗಿಡಲೇ ಅದನ್ನ! ಬೆಳಕ ನಿನ್ನ ಕಣ್ಣಾಗ ಬೀಳಾಕತ್ತೇತಿ. ಗಡಿಗಿ ಹುಡುಕು."

ಕಂದೀಲನ್ನು ಕಾಲ ಬಳಿ ಇಟ್ಟ ಮೇಲೆ ಕತ್ತಲು ನಿಧಾನಕ್ಕೆ ಬಿಚ್ಚಿಕೊಂಡಿತು. ದೂರದಲ್ಲೊಂದು ಬಿಳಿ ಚುಕ್ಕೆ.

"ಅಲ್ಲೈತಿ ಮಾಮಾ, ಎಡಕ್ಕ! ಅದರ ಮುಂದ ಮತ್ತೊಂದು!"

ಮಾವ ಗಳ ಊರುತ್ತ ಚುಕ್ಕೆಯಿಂದ ಚುಕ್ಕೆಗೆ ದೋಣಿ ತಳ್ಳಿದ. ಇಷ್ಟು ಅಚ್ಚುಕಟ್ಟಾಗಿ ಗಡಿಗೆಗಳು ಸಿಕ್ಕದ್ದು ಅದೇ ಮೊದಲು. ಹಾಗೇ ಹೋಗುತ್ತಿರುವಾಗ ತಳಕ್ಕೆ ಏನೋ ಬಡಿಯಿತು. ಟೊಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ, ಟೊಕ್, ಟೊಕ್. ಒಳಗೆ ಬರಲಾ ಅಂತ ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗೆ.

"ಕಟಿಗಿ ಇರಬೇಕು" ಅಂದ ಮಾವ. ಅವನ ದನಿ ಯಾವಾಗಿನ ಹಾಗೆ ಇರಲಿಲ್ಲ.

ನಾನು ನೀರಿಗೆ ಕೈ ಇಳಿಸಿದೆ. ತಣ್ಣಗೆ, ನುಣ್ಣಗೆ, ದುಂಡಗಿನದೊಂದು ಅಂಗೈ ಕೆಳಗೆ ಉರುಳಿ ಹೋಯಿತು. ತಲೆ ಅಂತಲೇ ಅನಿಸಿತು. ಕೈ ಎಳೆದುಕೊಂಡೆ.

ಆಗ ಕತ್ತಲೊಳಗಿಂದ ಒಂದು ದನಿ ಬಂತು. "ಯಾರದು?"

ನಾನು ಬಾಯಿ ತೆರೆಯುವ ಮುಂಚೆ ಮಾವ ಬಗ್ಗಿ ನನ್ನ ಬಾಯಿ ಮುಚ್ಚಿದ. "ಓ ಅನಬ್ಯಾಡ. ಒಂದ ಸಲಾ ಕರದ್ರ ಅದು ಮನಶ್ಯಾ ಅಲ್ಲ. ಮೂರ ಸಲಾ ಕರೀಲಿ" ಎಂದು ಕಿವಿಯಲ್ಲಿ ಪಿಸುಗುಟ್ಟಿದ. ಆ ದಂಡೆಯಲ್ಲಿ ಎಲ್ಲರೂ ಪಾಲಿಸುವ ನೇಮ ಅದು. ಉಸಿರು ಬಿಗಿಹಿಡಿದು ಕಾದೆವು. ಎರಡನೆಯ ಕರೆ ಬರಲೇ ಇಲ್ಲ.

ಬಂದದ್ದು ಕರಕರ ಸದ್ದು. ದೋಣಿ ಏನಕ್ಕೋ ಸಿಕ್ಕಿ ನಿಂತಿತು. ಹರಿವು ಪಕ್ಕಕ್ಕೆ ಒತ್ತಿತು, ಒಂದು ಮಗ್ಗುಲು ಏರಿತು, ಕೆಂಪು ನೀರು ಅಂಚು ದಾಟಿ ನನ್ನ ತೊಡೆಯ ಮೇಲೆ ಸುರಿಯಿತು. ಕಂದೀಲು ಆರದಿರಲಿ ಎಂದು ಎತ್ತಿಕೊಂಡು ಹಿಂದಕ್ಕೆ ತಿರುಗಿದೆ. ನಾವು ಆಗಷ್ಟೇ ದಾಟಿ ಬಂದಿದ್ದ ಗಡಿಗೆ ನನ್ನನ್ನೇ ನೋಡುತ್ತಿತ್ತು. ದೊಡ್ಡ ಕಪ್ಪು ಕಣ್ಣು, ಹಲ್ಲು ಕಿರಿದ ಬಾಯಿ. ಅದರ ಹಿಂದಿನದೂ. ಅದರ ಹಿಂದಿನದೂ.

"ಮಾಮಾ, ಇವಕ್ಕ ಕಣ್ಣ ಅದಾವು."

ಮಾವ ನೋಡಿದ. ನೋಡಿದವನೇ "ಯಪ್ಪಾ!" ಅಂದ. "ಹಾದಿ ಗಡಿಗಿ ಅಲ್ಲಲೇ ಇವು! ದೃಷ್ಟಿ ಗಡಿಗಿ. ನಾವು ಮುತ್ಯಾನ ಕಲ್ಲಂಗಡಿ ತ್ವಾಟದ ಮ್ಯಾಲ ಅದೀವಿ!"

ನೋಡಿದವರ ಕಣ್ಣು ಬೆಳೆಗೆ ತಾಗಬಾರದೆಂದು ಮುತ್ಯಾ ಗಡಿಗೆಗಳಿಗೆ ಮುಖ ಬರೆದು ಊರಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದ. ನಾವು ಆಚೆ ದಂಡೆಯಿಂದ ಬಂದವರು. ನಮಗೆ ಕಂಡದ್ದು ಅವುಗಳ ಬೆನ್ನು, ಬರೀ ಸುಣ್ಣ. ದಿಬ್ಬ ಮುಳುಗಿ ಹಣ್ಣುಗಳು ತೇಲುತ್ತಿದ್ದವು. ಹಾಗಾದರೆ ಆ ದನಿ?

"ಮುತ್ಯಾ!" ಮಾವ ಕೂಗಿದ. ಉತ್ತರವಿಲ್ಲ. "ಓ ಮುತ್ಯಾ!" ಇಲ್ಲ. ಮೂರನೆಯ ಸಲ ಅವನ ಗಂಟಲು ಒಡೆದುಹೋಯಿತು. "ಮುತ್ಯಾ, ಅದೀಯೋ ಇಲ್ಲೋ!"

"ಅದೀನಿ. ಯಾರ ಮಗಾನೋ ನೀನು?"

"ನಾ ಅದೀನಿ, ದ್ವಾಣ್ಯಾಂವ! ನಿನ್ನ ಬೇಲ್ಯಾಗ ಸಿಕ್ಕೀವಿ!"

"ಹಂಗಾರ ಹಿಂದಕ್ಕ ಸರಿ, ಎಡಕ್ಕ ಬಾ. ಅಲ್ಲಿ ಬೇಲಿ ಕಿತ್ತೈತಿ. ಲಗೂ ಬಾ, ನೀರು ಹಲಗಿಗಿ ಬಂದೈತಿ."

ಅಟ್ಟದ ಬಳಿ ಹೋದಾಗ ಮುತ್ಯಾ ಮಂಡಿ ಮಡಚಿ ಕೂತಿದ್ದ, ಕಂಬಳಿಯ ಅಂಚು ನೀರಲ್ಲಿ ತೇಲುತ್ತಿತ್ತು. ಅವನನ್ನು ಎಳೆದು ಹಾಕಿಕೊಂಡಾಗ ಗೂಟ ಅಲುಗಿದ್ದು ನನ್ನ ಕೈಗೇ ಗೊತ್ತಾಯಿತು.

"ಮತ್ತೊಮ್ಮಿ ಯಾಕ ಕೂಗಲಿಲ್ಲ?" ಮಾವ ರೇಗಿದ.

"ಹೆಂಗ ಕೂಗಲಿ? ದ್ವಾಣಿ ಬರಬಾರದ ಜಾಗಾದಾಗ ದ್ವಾಣಿ ಬಂತು. ಕರದ್ರ ಮಾತಿಲ್ಲ. ನೀವ ದೆವ್ವ ಅಂತ ತಿಳಕೊಂಡೆ. ಲಗೂನ ದಾಟಿ ಹೋಗಲಿ ಅಂತ ಉಸರ ಹಿಡದ ಕುಂತಿದ್ದೆ."

ಯಾರಿಗೂ ನಗು ಬರಲಿಲ್ಲ. ದಂಡೆ ಮುಟ್ಟುವ ತನಕ ಅವನೇ ದಾರಿ ಹೇಳಿದ. ಬೆಳಿಗ್ಗೆ ನೋಡಿದರೆ ಅಟ್ಟವೂ ಇಲ್ಲ, ಗಡಿಗೆಗಳೂ ಇಲ್ಲ, ಬರೀ ನೀರು.

ಈಗಲೂ ಬೇಸಗೆಯಲ್ಲಿ ಗುಡಿಯ ಹತ್ತಿರದ ಬಜಾರದಲ್ಲಿ ಕಲ್ಲಂಗಡಿ ಮಾರುವವಳು ಬೆರಳ ಗಂಟಿನಿಂದ ಹಣ್ಣು ತಟ್ಟುತ್ತಾಳೆ. "ಕೇಳ್ರಿ ಹೆಂಗ ಸಪ್ಪಳ ಬರತೈತಿ!" ಟೊಕ್, ಟೊಕ್. ನನ್ನ ಅಂಗೈ ತಣ್ಣಗಾಗುತ್ತದೆ. ಕತ್ತಲಲ್ಲಿ ಯಾರೇ ಕರೆಯಲಿ, ಈಗ ನಾನು ಮೊದಲ ಸಲಕ್ಕೇ ಓ ಅನ್ನುತ್ತೇನೆ.