ಹಿಂದಕ್ಕೆ ತಿರುಗುವ ಗಾಲಿ

ಎಂಬತ್ತರ ದಶಕದ ಕೊನೆಗೆ ನಾನು ಮಸ್ಕಿಗೆ ಸೊಸೆಯಾಗಿ ಬಂದೆ. ಲಿಂಗಸುಗೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅತ್ತೆ ಒಳ್ಳೆಯವರೇ, ಆದರೆ ಓದಿದ ಸೊಸೆ ಅಂತ ಸಂಕೋಚ. ಸಾರಿಗೆ ಉಪ್ಪು ಸಾಕೋ ಬೇಕೋ ಎನ್ನುವಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು.

ಒಂದು ರವಿವಾರ ನನ್ನ ಗಂಡ ನಮ್ಮಿಬ್ಬರನ್ನೂ ಸಿಂಧನೂರಿಗೆ ಸಿನೆಮಾಕ್ಕೆ ಕರೆದೊಯ್ದರು. ತೆರೆಯ ಮೇಲೆ ಖಳನಾಯಕ ನಾಯಕಿಯನ್ನು ಟಾಂಗಾದಲ್ಲಿ ಹಾಕಿಕೊಂಡು ಓಡುತ್ತಿದ್ದ. ಟಾಕೀಸಿನ ತುಂಬ ಸೀಟಿ. ಅತ್ತೆ ನನ್ನ ಕಡೆ ಬಾಗಿದರು.

"ಟಾಂಗಾ ಮುಂದಕ ಹೊಂಟದ. ಗಾಲಿ ಯಾಕ ಹಿಂದಕ ತಿರಗಾಕತ್ತದ?"

ನೋಡಿದರೆ ಹೌದು. ಅಷ್ಟು ಸಿನೆಮಾ ನೋಡಿದ್ದೆ, ಒಮ್ಮೆಯೂ ಗಮನಿಸಿರಲಿಲ್ಲ.

"ಗೊತ್ತಿಲ್ರೀ ಅತ್ತಿ. ಕೇಳ್ಕೊಂಡು ಬಂದು ಹೇಳ್ತೀನಿ" ಅಂದೆ.

ಮರುದಿನ ಶಾಲೆಯ ಗಣಿತದ ಮೇಡಂ ಬಿಡಿಸಿ ಹೇಳಿದರು: ಸಿನೆಮಾ ಅಂದರೆ ನಿಂತ ಚಿತ್ರಗಳ ಸಾಲು, ಎರಡು ಚಿತ್ರಗಳ ನಡುವೆ ಆದದ್ದು ನಮಗೆ ಕಾಣುವುದಿಲ್ಲ. ಬಸ್ಸಿನುದ್ದಕ್ಕೂ ಇದನ್ನು ಅತ್ತೆಗೆ ಹೇಗೆ ಹೇಳಲಿ ಅಂತಲೇ ಯೋಚಿಸಿದೆ.

ಮನೆಗೆ ಬಂದವಳೇ ಬೀಸುಕಲ್ಲಿನ ಮುಂದೆ ಅತ್ತೆಯನ್ನು ಕೂಡಿಸಿದೆ. ಕಲ್ಲಿನ ಗೂಟ ಬಾಗಿಲ ಕಡೆಗಿತ್ತು. "ಕಣ್ಣ ಮುಚ್ರಿ" ಅಂದು ಕಲ್ಲನ್ನು ಮುಂದಕ್ಕೇ ತಿರುಗಿಸಿ, ಸುತ್ತು ಮುಗಿಯಲು ಸ್ವಲ್ಪ ಇರುವಾಗ ನಿಲ್ಲಿಸಿದೆ. "ತಗೀರಿ." ಮತ್ತೆ ಮುಚ್ಚಿಸಿದೆ, ಮತ್ತೆ ಅಷ್ಟೇ ತಿರುಗಿಸಿದೆ. ಹೀಗೆ ಮೂರ್ನಾಲ್ಕು ಸಲ.

"ಗೂಟ ಹಿಂದಕ ಸರಿಯಾಕತ್ತದಲ್ಲ" ಅಂದರು. ಆಮೇಲೆ ತಾವೇ ಕಲ್ಲು ತಿರುಗಿಸಿದರು, ನನಗೆ ಕಣ್ಣು ಮುಚ್ಚಲು ಹೇಳಿದರು. ಆಮೇಲೆ ನಕ್ಕರು. "ಅಂದ್ರ ನಾವ್ ಕಣ್ಣ ಮುಚ್ಚಿದಾಗ ಅದು ಮುಂದ ಹೋಗಿರ್ತದ. ಹೌದಿಲ್ಲೋ?"

"ಹೌದ್ರೀ ಅತ್ತಿ." ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಹಿಗ್ಗಿದ್ದೆ ನಾನು.

ಅಂದಿನಿಂದ ನಮಗೆ ಸಿನೆಮಾದ ಹುಚ್ಚು ಹಿಡಿಯಿತು. ಮಿಂಚೂ ಗುಡುಗೂ ಒಟ್ಟಿಗೇ ಬಂದರೆ ಅತ್ತೆ ನನ್ನ ಮೊಣಕೈ ತಿವಿಯುವರು: "ಸಿಡ್ಲು ಇವರ ತಲೀ ಮ್ಯಾಲೇ ಬಿದ್ದದೇನು?" ಹಾಡಿನ ನಡುವೆ ಹುಣ್ಣಿಮೆ ಚಂದ್ರ ಗೆರೆಯಷ್ಟಾದರೆ ಸೆರಗು ಬಾಯಿಗಿಟ್ಟು ನಗುವರು. ನಾಯಕಿ ಅಳುವಾಗ ನಾವಿಬ್ಬರೂ ನಕ್ಕು ಹಿಂದಿನವರಿಂದ ಬೈಸಿಕೊಂಡದ್ದೂ ಉಂಟು.

ಕೊನೆಕೊನೆಗೆ ನನ್ನ ಗಂಡ ಟಿಕೆಟ್ ತೆಗೆದುಕೊಟ್ಟು, ತಾವು ಬೇರೆ ಸಾಲಿನಲ್ಲಿ ಹೋಗಿ ಕೂಡತೊಡಗಿದರು.